ದವಡೆ ಹಲ್ಲಿನ ಪಾಲಿಸಿ

ರಬಕವಿ
ಆಷಾಢದ ಕೊನೆಯ ವಾರ

ಪ್ರೀತಿಯ ಅಣ್ಣ ಚನಮಲ್ಲಪ್ಪನಿಗೆ ತಂಗಿ ಗುರುಬಸವ್ವನ ಶರಣು ಶರಣಾರ್ಥಿ.

ಇಲ್ಲಿ ನಾವೆಲ್ಲ ಸೌಖ್ಯ, ನನ್ನ ಬಲಗಡೆಯ ಕೆಳದವಡೆಯ ಒಂದು ಹಲ್ಲನ್ನು ಬಿಟ್ಟು. ಅದೂ ಈಗ ಟೊಪ್ಪಿಗೆ ಹಾಕಿಕೊಂಡು ತೆಪ್ಪಗೆ ಕೂತಿದೆ. ಹುನ್ನೂರಿನಲ್ಲಿ ನೀನೂ ವೈನಿಯೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಸಿಟ್ಟು ಮಾಡಿಕೊಂಡ ಗಂಡಸರಿಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತದೆ ಎಂದು ಅವ್ವ ಹೇಳುತ್ತಿದ್ದಳು, ಆದ್ದರಿಂದ ನಿನ್ನ ಆರೋಗ್ಯದ ಬಗ್ಗೆ ನನಗೆ ಚಿಂತೆ ಇಲ್ಲ.

ಕೈಯಲ್ಲಿ ಫೋನಿರುವಾಗ ಇವಳು ಪತ್ರ ಯಾಕೆ ಬರೆದಳು ಎಂದು ಲಕೋಟೆ ಒಡೆಯುವಾಗಲೇ ಹುಬ್ಬು ಗಂಟು ಹಾಕಿರುತ್ತೀ. ಮೊದಲನೆಯದಾಗಿ ನೀನು ನನ್ನ ಫೋನು ಎತ್ತುವುದಿಲ್ಲ. ಎತ್ತಿದರೂ ಉಪಯೋಗವಿಲ್ಲ. ನಮ್ಮ ಅತ್ತೆಗೆ ಕಿವಿ ಮಂದವಾದ ಮೇಲೆ ಈ ಮನೆಯಲ್ಲಿ ಯಾವ ಫೋನೂ ಕಿವಿಯ ಹತ್ತಿರ ಹೋಗುವುದಿಲ್ಲ. "ನನಗ ಕೇಳದಂಗ ಏನ ಮಾತಾಡತೀರಿ" ಎಂದು ಅವರು ಹಾಸಿಗೆಯಿಂದಲೇ ಕೇಳುತ್ತಾರೆ, ನಾವು ಸ್ಪೀಕರ್ ಹಾಕುತ್ತೇವೆ. ಪಕ್ಕದಲ್ಲಿ ಮಗ್ಗ ಓಡುತ್ತಿರುವುದರಿಂದ ಕೂಗಿ ಮಾತಾಡಬೇಕು. ಹೀಗಾಗಿ ನಮ್ಮ ಮನೆಗೆ ಬಂದ ಫೋನು ಇಡೀ ಓಣಿಗೆ ಬಂದ ಹಾಗೆ. ನಾನು ಹೇಳಬೇಕಾದದ್ದು ನಿನ್ನೊಬ್ಬನಿಗೆ. ಈಗ ಕರೆಂಟು ಹೋಗಿ ಮಗ್ಗ ನಿಂತಿವೆ, ಅತ್ತೆ ಮಲಗಿದ್ದಾರೆ, ನಾನು ಸೀರೆಗಳ ಕೋಣೆಯಲ್ಲಿ ಗಂಟಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಮೊನ್ನೆ ವೈನಿ ಫೋನ್ ಮಾಡಿದ್ದರು. "ಗುರುಬಸವ್ವಾ, ಈ ಸಲ ಪಂಚಮಿಗೆ ನಿಮ್ಮಣ್ಣ ಕರಿಯಾಕ ಬರಾಂಗಿಲ್ಲಂತ. ನನ್ನ ಮಾತ ಕೇಳವಲ್ಲರು. ನೀನ ಏನರ ಮಾಡವ್ವ" ಎಂದರು. ಅದೂ ಸ್ಪೀಕರಿನಲ್ಲಿ. ನಾನು ಏನೂ ಆಗದವಳ ಹಾಗೆ "ಇರಲಿ ಬಿಡ್ರಿ ವೈನಿ, ಹೊಲದಾಗ ಕೆಲಸ ಇದ್ದಾವು" ಎಂದೆ. ಆಮೇಲೆ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ ಪಂಚಮಿಗಾಗಿ ಅಳುವುದು ನಾಚಿಕೆಗೇಡು ಎಂದು ನನಗೂ ಗೊತ್ತು, ಆದರೂ ಕಣ್ಣೀರು ನಿಲ್ಲಲಿಲ್ಲ.

ಬಸ್ಸಿಲ್ಲವೇ ಎಂದರೆ ಇದೆ. ಜಮಖಂಡಿಯಲ್ಲಿ ಇಳಿದರೆ ಹುನ್ನೂರಿಗೆ ಟಂಟಂ ಸಿಗುತ್ತದೆ. ಬೇರೆ ದಿನವಾದರೆ ನಾನೇ ಬರುತ್ತೇನೆ, ಬಂದಿದ್ದೇನೆ ಕೂಡ. ಪಂಚಮಿಗೆ ಹಾಗೆ ಬರಲಾಗುವುದಿಲ್ಲ. ಮದುವೆಯಾಗಿ ಈ ಮನೆ ಹೊಕ್ಕ ವರ್ಷದಿಂದ ಒಂದು ಪಂಚಮಿಗೂ ನಾನು ಕರೆಯದೆ ತವರಿಗೆ ಹೋದವಳಲ್ಲ. ಮೊದಲು ಅಪ್ಪ ಬಂಡಿ ಕಟ್ಟಿಕೊಂಡು ಬಂದ, ಆಮೇಲೆ ನೀನು ಸೈಕಲ್ಲಿನಲ್ಲಿ, ಆಮೇಲೆ ಬಜಾಜಿನಲ್ಲಿ. ಅಣ್ಣ ಬಂದು ಅತ್ತೆಯ ಮುಂದೆ ಕೂತು "ತಂಗೀನ ಕಳಸ್ರೀ" ಎಂದು ಕೇಳಿ, ಚಹಾ ಕುಡಿದು, ಮುಂದೆ ಹೊರಟರೆ ಹಿಂದೆ ಬ್ಯಾಗು ಹಿಡಿದು ಹೋಗುವ ನಡಿಗೆಯೇ ಬೇರೆ. ನೀನು ಬಾರದಿದ್ದರೆ ಈ ವರ್ಷ ನಾನು ಇಲ್ಲಿಯೇ. ಅವ್ವ ಹೋದ ಮೇಲೆ ನನಗೆ ತವರು ಎಂದರೆ ನೀನೊಬ್ಬನೇ.

ಇಷ್ಟೆಲ್ಲ ಒಂದು ಹಲ್ಲಿನಿಂದ. ಹಲ್ಲು ಎಂದರೆ ತಪ್ಪಾಗುತ್ತದೆ, ಹಲ್ಲಿನ ಪಾಲಿಸಿಯಿಂದ.

ಹೋದ ವರ್ಷ ಯುಗಾದಿಯ ಮರುದಿನ ನೀನು ಬಂದ ಚೆಂದ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೊಸೈಟಿಯ ನೌಕರಿಯಿಂದ ರಿಟೈರ್ ಆಗಿ ಮನೆಯಲ್ಲಿ ಕೂತು ವೈನಿಯ ಒಗ್ಗರಣೆಯಲ್ಲಿ ತಪ್ಪು ಹುಡುಕುತ್ತಿದ್ದವನು, ಕುತ್ತಿಗೆಗೆ ಗುರುತಿನ ಕಾರ್ಡು ಹಾಕಿಕೊಂಡು, ಕರಿ ಬ್ಯಾಗು ಹಿಡಿದು, ಇಸ್ತ್ರಿ ಅಂಗಿಯಲ್ಲಿ ಅಂಗಳಕ್ಕೆ ಬಂದೆ. ಬೇವು-ಬೆಲ್ಲ ಕೈಗೆ ಹಾಕಿದರೆ ಅದನ್ನು ಬಾಯಿಗೆ ಹಾಕಿಕೊಳ್ಳುವ ಮೊದಲೇ ಶುರು ಮಾಡಿದೆ. "ಹಲ್ಲಿದ್ದಾಗ ಕಡಲಿ ಇಲ್ಲ, ಕಡಲಿ ಇದ್ದಾಗ ಹಲ್ಲಿಲ್ಲ ಅಂತ ಹಿರಿಯರು ಹೇಳ್ಯಾರ. ನಮ್ಮ ಕಂಪನಿ ಎರಡೂ ಕೂಡೇ ಇರೂಹಂಗ ಮಾಡತೈತಿ."

ನಾವು ಜೀವದ ವಿಮೆ ಕೇಳಿದ್ದೆವು, ಗಾಡಿಯದು ಕೇಳಿದ್ದೆವು, ಬೆಳೆಯದು ಕೇಳಿದ್ದೆವು. ಹಲ್ಲಿನದು ಅಂದೇ ಕೇಳಿದ್ದು. ನಮ್ಮವರು ಬಹಳ ಹೊತ್ತು ಯೋಚಿಸಿ, "ಎಮ್ಮಿ ವಿಮಾ ಮಾಡಿದರ ಕಿವಿಗೆ ಬಿಲ್ಲೆ ಹೊಡೀತಾರ. ಇದಕ್ಕ ಎಲ್ಲಿ ಹೊಡೀತಾರ್ರಿ" ಎಂದು ಕೇಳಿದರು. ನೀನು ನಗಲಿಲ್ಲ. ಅತ್ತೆ ಅದಕ್ಕೂ ಮುಂದೆ ಹೋದರು. ಚಿಕ್ಕಂದಿನಿಂದ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಅದನ್ನು ಹಲ್ಲಿನಲ್ಲೇ ಕಡಿದು ಕಡಿದು ಅವರ ಮುಂದಿನ ಹಲ್ಲಿಗೆ ಗೀರು ಬಿದ್ದಿತ್ತು, ಆಮೇಲೆ ಆ ಹಲ್ಲೂ ಬಿತ್ತು, ಅದರ ಹಿಂದೆ ಉಳಿದವೂ ಸಾಲುಹಿಡಿದು ಹೋದವು. "ಹಲ್ಲ ಹೋದರ ರೊಕ್ಕಾ ಕೊಡತಾರಂದ್ರ, ನನ್ನವು ಎಲ್ಲಾ ಹೋಗ್ಯಾವು. ಹಿಂದಿನ ಬಾಕಿ ಎಷ್ಟ ಬರತೈತಿ ಕೇಳು" ಎಂದರು. ಈಗಾಗಲೇ ಹೋದ ಹಲ್ಲಿಗೆ ಕಂಪನಿ ಕೊಡುವುದಿಲ್ಲ ಎಂದು ನೀನು ತಿಳಿಸಿ ಹೇಳಿದೆ. "ಹಂಗಾರ ಇರೂ ಹಲ್ಲಿಗೆ ಯಾಕ ಕೊಡತಾರ, ಅವು ಇದ್ದಾವಲ್ಲ" ಎಂದು ಅವರು ಕೇಳಿದಾಗ ನೀನು ಬ್ಯಾಗಿನೊಳಗೆ ಕೈಹಾಕಿ ಕಾಗದ ಹುಡುಕತೊಡಗಿದೆ.

ಆದರೂ ನಾನು ಪಾಲಿಸಿ ಮಾಡಿಸಿದೆ. "ತಂಗೀ, ನಿನ್ನ ಕೈಲೆ ಬೋಣಿಗಿ ಆಗಲಿ" ಎಂದೆಯಲ್ಲ, ಅದಕ್ಕೆ ಮಾಡಿಸಿದೆ. ವ್ಯಾಪಾರದ ಮನೆಯ ಸೊಸೆ ನಾನು, ಬೋಣಿಗೆಯ ಗಿರಾಕಿ ಬರಿಗೈಯಲ್ಲಿ ಹೋಗಬಾರದು ಎಂಬುದು ನನಗೆ ಗೊತ್ತು. ವರ್ಷದ ಕಂತು ಒಂದು ಒಳ್ಳೆಯ ಸೀರೆಯ ಬೆಲೆ. ನಮ್ಮವರು ಕೊಡುವಾಗ, "ಸೀರಿ ಬಣ್ಣಾ ಬಿಟ್ಟರ ನಾ ಬದಲಿ ಕೊಡತೇನಿ. ಇವರು ಏನ ಬದಲಿ ಕೊಡತಾರೋ ನೋಡೂಣು" ಎಂದು ಇಷ್ಟೇ ಅಂದರು.

ನೀನು ಹೋದ ಮೇಲೆ ಸೊಸೆ ಪ್ರೀತಿ ಅದರ ಕರಾರುಗಳನ್ನು ಫೋನಿನಲ್ಲಿ ತೆಗೆದು ಓದಿದಳು. ವರ್ಷಕ್ಕೊಮ್ಮೆ ಹಲ್ಲು ತೊಳೆಸುವುದು ಪುಕ್ಕಟೆ, ಆದರೆ ಅವರು ಹೇಳಿದ ಡಾಕ್ಟರ ಹತ್ತಿರವೇ ಹೋಗಬೇಕು. ಆ ಡಾಕ್ಟರು ಎಲ್ಲಿದ್ದಾರೆ ಎಂದರೆ ಒಬ್ಬರು ಬೆಳಗಾವಿ, ಒಬ್ಬರು ವಿಜಯಪುರ. ಜಮಖಂಡಿ ಇಲ್ಲ, ಮುಧೋಳ ಇಲ್ಲ, ಬೀಳಗಿಯಂತೂ ಕೇಳಲೇಬೇಡ. ಪುಕ್ಕಟೆ ಹಲ್ಲು ತೊಳೆಸಲು ಒಂದು ದಿನದ ಕೂಲಿ ಬಿಟ್ಟು ಬೆಳಗಾವಿಗೆ ಹೋಗಿಬರುವವರು ಬಸ್ಸಿನಲ್ಲಿ ಕೂತು ತಮ್ಮ ಬುದ್ಧಿಯನ್ನೂ ತೊಳೆಸಬೇಕು. ಹುಳುಕು ಹಿಡಿದರೆ ಮೊದಲ ಒಂದು ವರ್ಷ ಏನೂ ಕೊಡುವುದಿಲ್ಲ. ಹಲ್ಲು ನೋವು ತಡೆದುಕೊಂಡು ವರ್ಷ ಕಾಯುವವರನ್ನು ನಾನಂತೂ ಕಂಡಿಲ್ಲ, ನಮ್ಮ ಕಡೆ ಎರಡನೆಯ ದಿನಕ್ಕೆ ಲವಂಗ, ಮೂರನೆಯ ದಿನಕ್ಕೆ ಗೋಡೆಗೆ ತಲೆ. ಹಲ್ಲಿನ ಮೇಲೆ ಹಾಕುವ ಕ್ಯಾಪು ಅಂದಚೆಂದಕ್ಕೆ ಸೇರಿದ್ದಂತೆ, ಅದಕ್ಕೂ ಇಲ್ಲ. ನನ್ನ ಹಿಂದಿನ ದವಡೆಯ ಚೆಂದವನ್ನು ಈ ರಬಕವಿಯಲ್ಲಿ ಯಾರು ನೋಡಲು ಬರುತ್ತಾರೋ ನನಗೆ ತಿಳಿಯಲಿಲ್ಲ. ಒಂದೇ ಒಂದು ಮಾತು ಮಾತ್ರ ನಮ್ಮ ಕಡೆಗಿತ್ತು: ಆಕಸ್ಮಿಕವಾಗಿ ಹಲ್ಲು ಮುರಿದರೆ ಮೊದಲ ದಿನದಿಂದಲೇ ಖರ್ಚು ಕೊಡುತ್ತಾರೆ.

ನೀನು ಇದನ್ನೆಲ್ಲ ಓದಿರಲಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ನೀನು ಮೋಸಗಾರನಲ್ಲ ಅಣ್ಣಾ, ನಂಬುವವನು. ಗಾದೆ ಚೆನ್ನಾಗಿದೆ ಎಂದು ಪಾಲಿಸಿಯೂ ಚೆನ್ನಾಗಿದೆ ಎಂದು ನಂಬಿದೆ.

ಪಂಚಮಿ ಬಂತು, ನೀನು ಬಂದು ಕರೆದುಕೊಂಡು ಹೋದೆ, ಹಬ್ಬ ಮುಗಿಸಿ ನಾನು ರಬಕವಿಗೆ ಬಂದೆ. ಬಂದ ಮೇಲೆ ಕೆನ್ನೆ ಊದಿತು. ಜಮಖಂಡಿಗೆ ಹೋಗಿ ಡಾಕ್ಟರ್ ಪೂರ್ವಾ ಎಂಬ ಹುಡುಗಿಗೆ ತೋರಿಸಿದೆ. ಬಹಳ ಚುರುಕಿನ ಹುಡುಗಿ. ಬಾಯಿಗೆ ದೀಪ ಹಿಡಿದು, "ಕಾಕು, ಹಲ್ಲ ಅರ್ಧಾ ಇಲ್ಲೇ ಇಲ್ಲ. ಏನ ತಿಂದ್ರಿ" ಎಂದಳು. ಏನೋ ಗಟ್ಟಿ ಎಂದೆ. "ಏನೋ ಗಟ್ಟಿ ಅಂದ್ರ? ಕಬ್ಬಿಣನ?" ಎಂದಳು. ಬಾಯಿ ತೆರೆದಿದ್ದರಿಂದ ಉತ್ತರ ಕೊಡುವ ಕಷ್ಟ ತಪ್ಪಿತು. ಬೇರಿನ ಚಿಕಿತ್ಸೆ ಮಾಡಿ ಕ್ಯಾಪು ಹಾಕಿದಳು. ಒಮ್ಮೆಲೇ ಮುರಿದ ಹಲ್ಲು ಎಂದು ಅವಳೇ ಬರೆದುಕೊಟ್ಟಳು. ನೀನು ಹಿಗ್ಗಿಹೋದೆ. ತಂಗಿಯ ಹಲ್ಲು ಮುರಿಯಿತು ಎಂದು ಅಷ್ಟು ಸಂತೋಷಪಟ್ಟ ಅಣ್ಣ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. "ನೋಡಿದೇನು? ರೊಕ್ಕಾ ಹೆಂಗ ಬರತಾವ ನೋಡು. ಇಡೀ ಹುನ್ನೂರಿಗೆ ತೋರಸತೇನಿ" ಎಂದು ಕಾಗದಗಳನ್ನು ನೀನೇ ಕಳಿಸಿದೆ.

ಮುಂದೆ ನಡೆದದ್ದು ನಿನಗೆ ಅರ್ಧ ಗೊತ್ತು. ಪೂರ್ತಿ ಹೇಳುತ್ತೇನೆ.

ಗಣಪತಿ ಹಬ್ಬದ ಮರುದಿನ ಕಂಪನಿಯಿಂದ ಫೋನು ಬಂತು. ಮನೆಯಲ್ಲಿ ಅತ್ತೆ ಇದ್ದರು, ನಮ್ಮವರಿದ್ದರು, ಪ್ರೀತಿ ಇದ್ದಳು, ಸಾಲದ್ದಕ್ಕೆ ಸೀರೆ ಒಯ್ಯಲು ಬಂದ ಬನಹಟ್ಟಿಯ ವ್ಯಾಪಾರಿ ನಾಮದೇವರು ಚಹಾದ ಕಪ್ಪು ಹಿಡಿದು ಕೂತಿದ್ದರು. ಪದ್ಧತಿಯ ಪ್ರಕಾರ ಸ್ಪೀಕರ್ ಹಾಕಲಾಯಿತು. ಆ ಕಡೆಯ ಹುಡುಗಿ ಪುಸ್ತಕದ ಕನ್ನಡದಲ್ಲಿ, "ನಮಸ್ಕಾರ ಮೇಡಂ, ನಿಮ್ಮ ಹಲ್ಲು ಯಾವ ರೀತಿ ಮುರಿಯಿತು ಎಂದು ದಯವಿಟ್ಟು ತಿಳಿಸುವಿರಾ" ಎಂದಳು.

ಎಲ್ಲರೂ ನನ್ನ ಬಾಯಿಯನ್ನೇ ನೋಡಿದರು. ನಿಜ ಹೇಳುವ ಹಾಗಿರಲಿಲ್ಲ. ಯಾಕೆ ಎನ್ನುವುದನ್ನು ಮುಂದೆ ಬರೆಯುತ್ತೇನೆ. ನಾಲಿಗೆಗೆ ಮೊದಲು ಸಿಕ್ಕಿದ್ದನ್ನು ಹೇಳಿದೆ. "ಊಟಾ ಮಾಡೂಮುಂದ ಮುರೀತ್ರಿ. ಖಡಕ್ ರೊಟ್ಟಿ ತಿನ್ನಾಕತ್ತಿದ್ದೆ."

ಅತ್ತೆ ಹಾಸಿಗೆಯ ಮೇಲೆ ಎದ್ದು ಕೂತರು. "ಯಾರ ಮನಿ ರೊಟ್ಟಿ? ನಮ್ಮನಿ ರೊಟ್ಟಿ ತಿಂದು ಇಷ್ಟ ವರ್ಷದಾಗ ಯಾರ ಹಲ್ಲೂ ಮುರದಿಲ್ಲ. ನನ್ನ ಬಾಯಾಗ ಒಂದ ಹಲ್ಲಿಲ್ಲ, ನಾನ ತಿಂತೇನಿ." ರೊಟ್ಟಿ ಬಡಿಯುವವಳು ಪ್ರೀತಿ. ಅವಳ ಮುಖ ನೋಡಿದರೆ ಕಣ್ಣು ತುಂಬಿವೆ. ಹೊಸ ಸೊಸೆ, ಹೊರಗಿನ ವ್ಯಾಪಾರಿಯ ಮುಂದೆ ಅವಳ ರೊಟ್ಟಿಗೆ ಕೆಟ್ಟ ಹೆಸರು ಬಂದ ಹಾಗಾಯಿತು. ನಾನು ಗಾಬರಿಯಾಗಿ, "ಅಲ್ಲರಿ, ರೊಟ್ಟಿ ಅಲ್ಲ. ಬಚ್ಚಲದಾಗ ಜಾರಿ ಬಿದ್ದೆ" ಎಂದೆ.

ಈಗ ನಮ್ಮವರು ಎದ್ದರು. "ಯಾವಾಗ ಬಿದ್ದಿ? ನನಗ ಹೇಳೇ ಇಲ್ಲಲ್ಲ" ಎಂದು ಅಲ್ಲೇ ಬಚ್ಚಲಿನ ಹಾಸುಗಲ್ಲು ನೋಡಲು ಹೋದರು. ನಾಮದೇವರು ಕಪ್ಪು ಕೆಳಗಿಟ್ಟು, ಬಿದ್ದವರು ಹಲ್ಲಿಗಿಂತ ಮೊದಲು ಸೊಂಟದ ಎಕ್ಸರೇ ತೆಗೆಸಬೇಕು ಎಂದು, ತಮ್ಮ ಹೆಂಡತಿಯ ಸೊಂಟದ ಕಥೆ ಶುರು ಮಾಡಿದರು. ಆ ಕಡೆಯ ಹುಡುಗಿ ಸಮಾಧಾನದಿಂದ ಕಾದು, "ಮೇಡಂ, ತಿನ್ನುವಾಗ ಮುರಿಯಿತೇ, ಬಿದ್ದಾಗ ಮುರಿಯಿತೇ" ಎಂದು ಕೇಳಿದಳು.

ನಾನು ಎರಡೂ ಕಡೆಯವರಿಗೆ ಬೇಸರವಾಗದಿರಲಿ ಎಂದು, "ತಿನಕೋತ ಹೋಗೂಮುಂದ ಬಿದ್ದೆ" ಎಂದೆ.

"ಬಚ್ಚಲುಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದಿರಾ ಮೇಡಂ?"

ಅವಳು ಪಾಪ ಇನ್ನೊಂದು ಅವಕಾಶ ಕೊಟ್ಟಳು. ಮುರಿದ ತುಂಡು ಇದ್ದರೆ ಅದರ ಫೋಟೋ ಕಳಿಸಿ ಎಂದಳು. ಇಲ್ಲ ಎಂದೆ. ಎಲ್ಲಿ ಹೋಯಿತು ಎಂದಳು. ಅದನ್ನೂ ಹೇಳುವ ಹಾಗಿರಲಿಲ್ಲ, ನುಂಗಿದೆ ಎಂದೆ. ಹಾಗಾದರೆ ಒಂದೆರಡು ದಿನ ಕಾದರೆ ಸಿಗುತ್ತದೆ ಎಂದು ನಾಮದೇವರು ಸಮಾಧಾನ ಹೇಳಿದರು. ದೀಪಾವಳಿಯ ಹೊತ್ತಿಗೆ ಕಂಪನಿಯಿಂದ ಉತ್ತರ ಬಂತು. ಗ್ರಾಹಕರ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ, ಆದ್ದರಿಂದ ಹಣ ಕೊಡಲಾಗುವುದಿಲ್ಲ ಎಂದು. ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ.

ಆದರೆ ಪೆಟ್ಟು ಬಿದ್ದದ್ದು ನಿನಗೆ. ಹುನ್ನೂರಿನ ಕಟ್ಟೆಯ ಮೇಲೆ, "ಒಡಹುಟ್ಟಿದ ತಂಗಿ ಹಲ್ಲಿಗೇ ಕೊಡಸಲಿಲ್ಲ, ನಮಗೇನ ಕೊಡಸತೀ" ಎಂದರಂತೆ. ಹೊಸ ಗಿರಾಕಿಗಳು ಬರಲಿಲ್ಲ. ಬನಹಟ್ಟಿಯಲ್ಲಿ ಬಸುರಿಗೆ ಕುಬಸ ಮಾಡುವ ಮನೆಯಲ್ಲಿ ನಾವು ಎದುರಾದಾಗ ಪಂಕ್ತಿಯಲ್ಲಿ ಯಾರೋ "ಬಚ್ಚಲದಾಗ ರೊಟ್ಟಿ ತಿನ್ನಾಕಿ ಬಂದಳು" ಎಂದು ನಕ್ಕರು. ನಾಮದೇವರ ಪ್ರಸಾರ ಅಷ್ಟು ಚೆನ್ನಾಗಿದೆ. ನೀನು ನನ್ನನ್ನು ಹಿತ್ತಲಿಗೆ ಕರೆದು, "ತಂಗೀ, ನಾ ಮ್ಯಾಲಿನವರಿಗೆ ಅರ್ಜಿ ಹಾಕತೇನಿ. ನನಗ ಖರೆ ಹೇಳು. ಎಲ್ಲಿ ಮುರೀತು, ತುಂಡ ಎಲ್ಲೈತಿ" ಎಂದೆ. ನೆನಪಿಲ್ಲ ಎಂದೆ. "ನಿನ್ನ ಹಲ್ಲ ಮುರದದ್ದು ನಿನಗ ನೆನಪಿಲ್ಲ? ಮಂದಿ ಮುಂದ ಹೇಳಿದಿ, ಹೋಗಲಿ. ನನ್ನ ಮುಂದೂ ಸುಳ್ಳ ಹೇಳತಿ ಏನ" ಎಂದು ಎಲೆಯ ಮುಂದೆ ಕೂರದೆ ಹೊರಟುಹೋದೆ. ಅಂದು ಹೋಳಿಗೆ ಊಟವಿತ್ತು. ನೀನು ಹೋಳಿಗೆ ಬಿಟ್ಟು ಹೋದದ್ದನ್ನು ನೋಡಿಯೇ ಸಿಟ್ಟು ಎಷ್ಟು ಆಳದ್ದು ಎಂದು ನನಗೆ ತಿಳಿಯಿತು.

ಈಗ ಖರೆ ಬರೆಯುತ್ತೇನೆ. ನಿಂತು ಓದುತ್ತಿದ್ದರೆ ಕೂತುಕೋ.

ಹೋದ ವರ್ಷದ ಪಂಚಮಿ ಅವ್ವ ಹೋದ ಮೇಲಿನ ಮೊದಲ ಪಂಚಮಿ. ವೈನಿಯ ಕೈಗೆ ಪ್ಲಾಸ್ಟರ್ ಹಾಕಿದ್ದರು. ಉಂಡಿ ಇಲ್ಲದ ಪಂಚಮಿ ಎಂದುಕೊಂಡೇ ನಾನು ಹೊಸ್ತಿಲು ದಾಟಿದೆ. ನೀನು ತಾಟಿನಲ್ಲಿ ಬೆಲ್ಲದ ಪಾಕದಲ್ಲಿ ಕಟ್ಟಿದ ಸೇವಿನ ಉಂಡಿ ತಂದು ಮುಂದಿಟ್ಟೆ. "ಜಮಖಂಡಿಯಾಗ ಒಬ್ಬಾಕಿ ಮಾಡಿ ಮಾರತಾಳ, ಆಕಿ ಕಡಿಂದ ತಂದೀನಿ" ಎಂದೆ. ಅಣ್ಣಾ, ಮಾರುವವರ ಉಂಡಿ ಒಂದೇ ಅಚ್ಚಿನಲ್ಲಿ ಇರುತ್ತವೆ. ನಿನ್ನ ತಾಟಿನಲ್ಲಿ ಒಂದು ಲಿಂಬೆಯಷ್ಟು, ಒಂದು ಪೇರಲದಷ್ಟು, ಒಂದಕ್ಕೆ ಮೂರು ಮೂಲೆ. ಒಂದೊಂದರ ಮೇಲೂ ದಪ್ಪ ಬೆರಳುಗಳ ಗುರುತು. ನೀನು ಬಲಗೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದೆ. ಚಹಾದ ಕಪ್ಪು ತೆಗೆದುಕೊಳ್ಳುವಾಗ ಅದು ಸರಿದು ಅಂಗೈಯ ಗುಳ್ಳೆಗಳು ಕಂಡವು. ಬಿಸಿ ಪಾಕದಲ್ಲಿ ಕೈಯಿಟ್ಟು ಉಂಡಿ ಕಟ್ಟಿದವರಿಗೆ ಮಾತ್ರ ಏಳುವ ಗುಳ್ಳೆ ಅವು. ತಂಗಿ ಬಂದಾಗ ಅವ್ವನ ಉಂಡಿ ಇಲ್ಲವೆಂದು ಆಗಬಾರದು ಎಂದು, ಜೀವಮಾನದಲ್ಲಿ ಒಲೆ ಹಚ್ಚದ ಗಂಡಸು ಒಲೆಯ ಮುಂದೆ ಕೂತಿದ್ದ. ಹೇಳಿಕೊಳ್ಳಲು ನಾಚಿಕೆ, ಅದಕ್ಕೆ ಜಮಖಂಡಿಯ ಒಬ್ಬಾಕಿ.

ನಾನು ಕಚ್ಚಿದೆ. ಕಟ್ ಎಂದಿತು. ಉಂಡಿ ಮುರಿಯಿತು ಎಂದುಕೊಂಡೆ. ಉಂಡಿಗೆ ಏನೂ ಆಗಿರಲಿಲ್ಲ.

ಪಾಕದ ಹನಿಯನ್ನು ನೀರಿಗೆ ಬಿಟ್ಟರೆ ಬೆರಳಿಗೆ ಮೆತ್ತಗೆ ಸಿಗಬೇಕು. ನೀನು ಅದು ತಾಟಿಗೆ ಬಿದ್ದು ಟಣ್ ಎನ್ನುವವರೆಗೆ ಕುದಿಸಿದ್ದೀ. ಕಣ್ಣಲ್ಲಿ ನೀರು ಬಂತು. ನೀನು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತ ನಿಂತಿದ್ದೆ. ಹಲ್ಲಿನ ತುಂಡನ್ನು ನಾಲಿಗೆಯ ಕೆಳಗೆ ಸರಿಸಿ, "ಅವ್ವ ಮಾಡಿದಂಗ ಆಗ್ಯಾವ ಅಣ್ಣಾ" ಎಂದೆ. ನನ್ನ ಕಣ್ಣೀರು ಅವ್ವನ ನೆನಪಿನದು ಎಂದು ತಿಳಿದು ನೀನೂ ಕಣ್ಣು ಒರೆಸಿಕೊಂಡೆ. ಅವ್ವ ಹೋದ ಮೇಲೆ ನಿನ್ನ ಮುಖದಲ್ಲಿ ಅಂಥ ಸಮಾಧಾನ ಕಂಡಿರಲಿಲ್ಲ. ಎಡದವಡೆಯಲ್ಲಿ ಇಡೀ ಉಂಡಿ ತಿಂದು ಮುಗಿಸಿದೆ. ನೀನು ಇನ್ನೊಂದು ಹಾಕಿದೆ. ಆ ಎರಡನೆಯದನ್ನು ತಿಂದದ್ದೇ ನಾನು ಈ ಜನ್ಮದಲ್ಲಿ ಮಾಡಿದ ದೊಡ್ಡ ಸಾಹಸ.

ಇನ್ನು ಕಂಪನಿ ಹುಡುಕುತ್ತಿರುವ ತುಂಡು. ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಹಿತ್ತಲಿಗೆ ಹೋದೆ. ಚಿಕ್ಕವರಿದ್ದಾಗ ಹಲ್ಲು ಬಿದ್ದರೆ ಅವ್ವ ಸೆಗಣಿಯಲ್ಲಿ ಸುತ್ತಿಕೊಟ್ಟು ಮಾಳಿಗೆಯ ಮೇಲೆ ಎಸೆಯಲು ಹೇಳುತ್ತಿದ್ದಳಲ್ಲ, ನನ್ನ ಕೈ ಸಾಲದೆ ನನ್ನ ಹಲ್ಲನ್ನೂ ನೀನೇ ಎಸೆಯುತ್ತಿದ್ದೆ. ಮೊಮ್ಮಕ್ಕಳನ್ನು ಎತ್ತುವ ವಯಸ್ಸಿನಲ್ಲಿ ನನಗೆ ಬೇರೆ ಯಾವ ಜಾಗವೂ ಹೊಳೆಯಲಿಲ್ಲ. ದನದ ಮನೆಯಿಂದ ಒಂದು ಚಿಟಿಕೆ ಸೆಗಣಿ ತೆಗೆದು, ಸುತ್ತಿ, ಎಸೆದೆ. ಮಾಳಿಗೆಗೆ ಹೋಗಲಿಲ್ಲ, ದನದ ಮನೆಯ ತಗಡಿನ ಮೇಲೆ ದೊಡ್ಡ ಸದ್ದು ಮಾಡಿ ಬಿತ್ತು. ನೀನು ಒಳಗಿನಿಂದ "ಏನದು, ಮಂಗ್ಯಾ ಬಂತೇನ" ಎಂದು ಕೂಗಿದೆ. "ಹೌದು, ಓಡಿಸಿದೆ" ಎಂದೆ.

ಈಗ ಹೇಳು, ಸ್ಪೀಕರಿನಲ್ಲಿ, ಅತ್ತೆಯ ಮುಂದೆ, ನಾಮದೇವರ ಮುಂದೆ, ನಾನು ಏನು ಹೇಳಬೇಕಿತ್ತು? ತವರಿನ ಉಂಡಿ ತಿಂದು ಹಲ್ಲು ಮುರಿಯಿತು ಎಂದು ಗಂಡನ ಮನೆಯಲ್ಲಿ ಹೇಳುವ ಹೆಣ್ಣು ನಮ್ಮ ಕಡೆ ಹುಟ್ಟಿಲ್ಲ. ಸಂಜೆಯೊಳಗೆ ಚನಮಲ್ಲಪ್ಪ ತಂಗಿಗೆ ಕಲ್ಲುಂಡಿ ತಿನ್ನಿಸಿದ ಎಂದು ಬನಹಟ್ಟಿಗೆಲ್ಲ ಗೊತ್ತಾಗುತ್ತಿತ್ತು. ಅದಕ್ಕಿಂತ ಬಚ್ಚಲಲ್ಲಿ ರೊಟ್ಟಿ ತಿನ್ನುವವಳು ಅನ್ನಿಸಿಕೊಳ್ಳುವುದು ನನಗೆ ಹಗುರ.

ಹಾಗಾದರೆ ಹಲ್ಲಿನ ಪಾಲಿಸಿ ಮಾಡಿಸಬೇಕೋ ಬೇಡವೋ ಎಂದು ನೀನು ಕೇಳಬಹುದು. ಸಿಟ್ಟಿನಿಂದ ಅಲ್ಲ, ವಿಚಾರಿಸಿ ಬರೆಯುತ್ತೇನೆ. ಕ್ಯಾಪು ಹಾಕುವ ದಿನ ಡಾಕ್ಟರ್ ಪೂರ್ವಾಳನ್ನೇ ಕೇಳಿದೆ. "ಕಾಕು, ಹಲ್ಲ ಒಮ್ಮೆಲೇ ಸಾಯೂದಿಲ್ಲ, ಹೇಳಿ ಕೇಳಿ ಹಾಳಾಗತದ. ವರ್ಷಕ್ಕೊಮ್ಮೆ ಬಂದು ಬಾಯಿ ತೋರಿಸ್ರಿ, ಬಹಳ ಮಂದಿಗೆ ಆ ಕಂತಿನ ರೊಕ್ಕದಾಗ ಎಲ್ಲಾ ಮುಗೀತದ" ಎಂದಳು. ನನಗೂ ಸರಿ ಎನಿಸಿತು. ಹೇಳದೆ ಬರುವ ಸಾವಿಗೆ, ಅಪಘಾತಕ್ಕೆ, ಬೆಂಕಿಗೆ ವಿಮೆ ಬೇಕು. ಹಲ್ಲು ತಿಂಗಳುಗಟ್ಟಲೆ ಮುಂಚೆ ಹೇಳಿ ಕಳಿಸುತ್ತದೆ, ಕೇಳದವರು ನಾವು. ಯಾರಿಗೆ ನೌಕರಿ ಕೊಟ್ಟವರೇ ಕಂತು ಕಟ್ಟುತ್ತಾರೋ, ಯಾರ ಊರಿನಲ್ಲಿಯೇ ಕಂಪನಿಯ ಡಾಕ್ಟರು ಇದ್ದಾರೋ ಅವರು ಮಾಡಿಸಲಿ. ನಮ್ಮಂಥವರಿಗೆ ಅದು ಲಾಭದ ಬಾಬತ್ತಲ್ಲ. ನೀನು ಏಜೆಂಟಿಕೆ ಬಿಡಬೇಡ. ಮೊದಲು ಕರಾರು ಓದಿ ಹೇಳು, ಆಮೇಲೆ ಗಾದೆ ಹೇಳು. ಗಿರಾಕಿ ಕಡಿಮೆಯಾಗುತ್ತಾರೆ, ಆದರೆ ಕಟ್ಟೆಯ ಮೇಲೆ ತಲೆ ಎತ್ತಿ ಕೂರಬಹುದು. ಯುಗಾದಿಗೆ ಮುಗಿದ ನನ್ನ ಹಲ್ಲಿನದನ್ನು ನಾನು ಮತ್ತೆ ಮಾಡಿಸುವುದಿಲ್ಲ. ಬೇಕಾದರೆ ಪ್ರೀತಿಯ ಸ್ಕೂಟಿಯದು ಮಾಡಿಕೊಡು, ಅದಕ್ಕೆ ಗಾದೆ ಬೇಕಿಲ್ಲ.

ಮೇಲಿನವರಿಗೆ ಅರ್ಜಿ ಮಾತ್ರ ಹಾಕಬೇಡ. ಹಾಕಿದರೆ ಮತ್ತೆ ಫೋನು ಬರುತ್ತದೆ, ಮತ್ತೆ ಸ್ಪೀಕರ್, ಮತ್ತೆ ನಾಮದೇವರು. ಈ ಪತ್ರವನ್ನು ವೈನಿಗೆ ಬೇಕಾದರೆ ಓದಿಸು, ಆಮೇಲೆ ಒಲೆಗೆ ಹಾಕು. ಈ ಗುಟ್ಟು ನನ್ನ ಜೊತೆಗೇ

ಅಣ್ಣಾ, ನಿನ್ನೆ ಇಲ್ಲಿಗೆ ನಿಲ್ಲಿಸಬೇಕಾಯಿತು. ಇಂದು ಮುಂಜಾನೆ ಉಳಿದದ್ದು ಬರೆಯುತ್ತಿದ್ದೇನೆ.

ಬರೆಯುತ್ತಿದ್ದಾಗ ತಲೆ ಎತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ. "ಯಾರಿಗೆ ಬರ್ಯಾಕತ್ತಿ" ಎಂದರು. ಅಣ್ಣನಿಗೆ ಎಂದೆ. "ಉಂಡಿ ಸುದ್ದಿ ಬರದಿ ಏನ" ಎಂದರು.

ನಾನು ಪೆನ್ನು ಕೆಳಗಿಟ್ಟೆ. ಅವರು ಬಂದು ಸೀರೆಯ ಗಂಟಿನ ಮೇಲೆ ನನ್ನ ಪಕ್ಕದಲ್ಲಿ ಕೂತರು. "ಹ್ವಾದ ವರ್ಷ ನಿನ್ನ ತವರಿಂದ ಡಬ್ಬಿ ಬಂತು. ಸೇವಿನ ಉಂಡಿ ಬುಡಕ ಹಾಕಿ ಮುಚ್ಚಿಟ್ಟಿದ್ದಿ. ಒಂದ ತಗೊಂಡು ಬಾಯಾಗ ಇಟಗೊಂಡೆ. ಮುಂಜಾನಿಂದ ಸಂಜೀತನಕ ಚೀಪಿದೆ, ಕರಗಲೇ ಇಲ್ಲ. ಹೆಂಗಸರ ಕೈ ಪಾಕ ಹಂಗ ಆಗಾಂಗಿಲ್ಲ. ಪಾಪ, ತಂಗಿ ಸಲುವಾಗಿ ಒಲಿ ಮುಂದ ಕುಂತಾನ ಅಂತ ತಿಳೀತು. ಎರಡ ದಿನ ಬಿಟ್ಟು ನಿನ್ನ ಗಲ್ಲ ಬಾತಿತು."

"ಮತ್ತ ಫೋನಿನ್ಯಾಗ ರೊಟ್ಟಿ ಸಲುವಾಗಿ ಯಾಕ ಜಗಳಾ ತಗದ್ರಿ" ಎಂದು ಕೇಳಿದೆ.

"ಆ ಹುಡುಗಿ ಇನ್ನೊಂದ ಸಲ ಕೇಳಿದ್ದರ ನೀ ಖರೇನ ಹೇಳತಿದ್ದಿ. ನಿನ್ನ ಬಾಯಾಗ ಸುಳ್ಳ ನಿಂದರಾಂಗಿಲ್ಲ. ತವರ ಮಾತು, ಹೊರಗಿನವರ ಮುಂದ ಯಾಕ ಹೇಳಬೇಕು" ಎಂದರು. ಆಮೇಲೆ ಕೋಲು ಊರಿಕೊಂಡು ಎದ್ದು, "ಬರೂ ಸಲ ಪಾಕ ಮೆತ್ತಗ ತಗೀ ಅಂತ ಬರಿ. ನನಗೂ ನಾಕ ಉಂಡಿ ಬೇಕು" ಎಂದು ಹೋದರು. ಇಷ್ಟು ವರ್ಷ ಈ ಮನೆಯಲ್ಲಿ ನಾನು ಅವರೊಂದಿಗೆ ಮಾಡಿದ ಜಗಳಗಳಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು. ಅರ್ಧ ಮಾತ್ರ.

ಹೀಗಾಗಿ, ಅಣ್ಣಾ, ಉಂಡಿ ಮಾಡಿದವನು ನೀನೆಂದು ವೈನಿಗೆ ಗೊತ್ತು, ನನಗೆ ಗೊತ್ತು, ನಮ್ಮ ಅತ್ತೆಗೆ ಗೊತ್ತು. ಎರಡೂ ಮನೆಗಳಲ್ಲಿ ನಾವು ಇಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದು ಆ ಕಂಪನಿಯವರಿಂದ ಮಾತ್ರ.

ಇನ್ನು ಸಿಟ್ಟು ಸಾಕು. ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ದಿನ ಮುಂಜಾನೆ ಬಾ. ಅತ್ತೆಯ ಮುಂದೆ ಕೂತು ಕೇಳು, ಅವರು ಮೊದಲು ನಾಲ್ಕು ಮಾತು ಅಂದು ಆಮೇಲೆ ಕಳಿಸುತ್ತಾರೆ. ವೈನಿಯ ಕೈ ಈಗ ಸರಿಯಾಗಿದೆ ಎಂದು ಕೇಳಿದ್ದೇನೆ, ಆದರೂ ಸೇವಿನ ಉಂಡಿ ನೀನೇ ಮಾಡು. ಟವೆಲ್ ಸುತ್ತಿಕೊಳ್ಳದೆ, ಅಡುಗೆಮನೆಯ ಬಾಗಿಲು ತೆರೆದಿಟ್ಟು ಮಾಡು. ಒಂದು ಬಟ್ಟಲಲ್ಲಿ ನೀರು ಇಟ್ಟುಕೊಂಡು ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಸಾಕು ಎಂದಾಗ ಒಲೆಯಿಂದ ಇಳಿಸು. ಪಾಕ ತಪ್ಪಿದರೂ ತಿನ್ನುತ್ತೇನೆ. ನನ್ನ ಬಾಯಲ್ಲಿ ಇನ್ನೂ ಬೇಕಾದಷ್ಟು ಹಲ್ಲುಗಳಿವೆ, ಕರೆಯಲು ಬರುವ ಅಣ್ಣ ಮಾತ್ರ ಒಬ್ಬನೇ.

ಬ್ಯಾಗು ತುಂಬಿ ಬಾಗಿಲ ಹಿಂದೆ ಇಟ್ಟಿದ್ದೇನೆ. ನೀನು ಬಂದು ಎತ್ತು.

ನಮ್ಮ ತವರು ತಂಪಾಗಿರಲಿ, ವೈನಿಯ ಮುತ್ತೈದೆತನ ಗಟ್ಟಿಯಾಗಿರಲಿ, ಈ ಸಲ ನಿನ್ನ ಕೈ ಸುಡದಿರಲಿ.

ನಿನ್ನ ದಾರಿ ನೋಡುತ್ತಿರುವ ತಂಗಿ,
ಗುರುಬಸವ್ವ